ಪದಚರ್ಚೆ (ತುರ್ತು): ‘ಶಾರ್ಟ್ ರೆಸ್ಟ್’, ‘ಲಾಂಗ್ ರೆಸ್ಟ್’, ‘ಸ್ಪೆಲ್ ಸ್ಲಾಟ್’ - ಇವಕ್ಕೆ ಕನ್ನಡ?

ಅ. ಬರೆದದ್ದು:

ಎಲ್ಲರಿಗೂ ನಮಸ್ಕಾರ.

ಡಂಜನ್ಸ್ ಅಂಡ್ ಡ್ರಾಗನ್ಸ್ ಎಂಬ ಪಾತ್ರಧಾರಿ ಮೇಜಿನಾಟದ ಐದನೇ ಆವೃತ್ತಿಯ ಮೂಲ ನಿಯಮಗಳು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ ಬಂದವು. ಅವುಗಳಲ್ಲಿ ವಿಶ್ರಾಂತಿಗೂ ಮಂತ್ರಬಲ ಮರಳುವುದಕ್ಕೂ ಸಂಬಂಧಿಸಿದ ಭಾಗ ಎರಡು ಪುಟದ ಕನ್ನಡ ಕೈಹಾಳೆಯಾಗಿ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ನಾಲ್ಕು ಪದ ಮಾತ್ರ ಕೂರುತ್ತಿಲ್ಲ.

ಶಾರ್ಟ್ ರೆಸ್ಟ್: ಕನಿಷ್ಠ 1 ಗಂಟೆ ಕೂತು, ಗಾಯ ಕಟ್ಟಿಕೊಂಡು, ಉಂಡು ಸುಧಾರಿಸಿಕೊಳ್ಳುವುದು. ಲಾಂಗ್ ರೆಸ್ಟ್: ಕನಿಷ್ಠ 8 ಗಂಟೆ, 24 ಗಂಟೆಗೆ ಒಂದರ ಫಲ ಮಾತ್ರ. ಸ್ಪೆಲ್ ಸ್ಲಾಟ್: ಮಂತ್ರ ಹಾಕಿದಾಗ ಖರ್ಚಾಗುವುದು, ಒಂದೊಂದಕ್ಕೂ 1ರಿಂದ 9ರವರೆಗೆ ಲೆವೆಲ್ ಉಂಟು. ಆರ್ಕೇನ್ ರಿಕವರಿ: ವಿಝರ್ಡ್ (ಮಂತ್ರವಿದ್ಯೆ ಕಲಿತ ಪಾತ್ರ) ದಿನಕ್ಕೊಮ್ಮೆ, ಶಾರ್ಟ್ ರೆಸ್ಟ್ ಮುಗಿದಾಗ, ಲೆವೆಲುಗಳ ಮೊತ್ತ ತನ್ನ ಲೆವೆಲಿನ ಅರ್ಧಕ್ಕೆ ಮೀರದಷ್ಟು ಸ್ಲಾಟ್ ವಾಪಸ್ ಪಡೆಯುವುದು. 6 ಮತ್ತು ಮೇಲಿನ ಲೆವೆಲಿನವು ಇದರಲ್ಲಿ ಬರುವುದಿಲ್ಲ.

ಸದ್ಯಕ್ಕೆ ಇಟ್ಟುಕೊಂಡಿರುವುದು: ಅಲ್ಪ ವಿಶ್ರಾಂತಿ, ದೀರ್ಘ ವಿಶ್ರಾಂತಿ, ಮಂತ್ರಾವಕಾಶ, ಮಾಂತ್ರಿಕ ಚೇತರಿಕೆ. ‘ಅಲ್ಪ ವಿಶ್ರಾಂತಿ’ ಓದಿದವರಿಗೆಲ್ಲ ಅಲ್ಪವಿರಾಮ ಚಿಹ್ನೆ ನೆನಪಾಗುತ್ತದೆ ಎಂಬ ದೂರು ಬಂದಿದೆ. ರಾತ್ರಿಯೊಳಗೆ ತಿಳಿಸಿದರೆ ಉಪಕಾರ.

ಹ. ಬರೆದದ್ದು:

> ಅಲ್ಪ ವಿಶ್ರಾಂತಿ, ದೀರ್ಘ ವಿಶ್ರಾಂತಿ

ಎರಡೂ ಬೇಡ. ಶ್ರಾಂತ ಎಂದರೆ ದಣಿದವನು, ವಿಶ್ರಾಂತ ಎಂದರೆ ದಣಿವು ಕಳೆದವನು. ದಣಿವು ಪೂರ್ತಿ ಕಳೆದ ಮೇಲೆ ಅದರಲ್ಲಿ ಅಲ್ಪವೇನು, ದೀರ್ಘವೇನು? ಸಂಸ್ಕೃತದ ದಾರಿಯೇ ಬೇಕೆಂದಿದ್ದರೆ ಚಿಕ್ಕದಕ್ಕೆ ‘ವಿರಾಮ’ ಸರಿ. ಅದು ಬರೀ ನಿಲುಗಡೆ.

ಕನ್ನಡದಲ್ಲಿ ‘ದಣಿವಾರಿಕೆ’ ಇದೆ. ‘ಬಾಯಾರಿಕೆ’ ಆದ ಬಗೆಯಲ್ಲೇ ಆದದ್ದು. ಬಾಯಿ ಆರಿದರೆ ಸಂಕಟ, ದಣಿವು ಆರಿದರೆ ಸುಖ, ಧಾತು ಒಂದೇ. ಹಳಗನ್ನಡದಲ್ಲಿ ‘ಆಱು’. ಅಚ್ಚಿನಲ್ಲಿ ‘ದಣಿವಾಱಿಕೆ’ ಎಂದೇ ಹಾಕಿ. ಇಂಥ ಕಡೆಯಾದರೂ ಶಕಟರೇಫ (ಱ ಅಕ್ಷರ) ಉಳಿದೀತು.

ದೊಡ್ಡದಕ್ಕೆ ‘ಬೀಡು’. ಬಿಡು-ಬೀಡು, ಕೆಡು-ಕೇಡು, ಪಡು-ಪಾಡು. ಡೇರೆಯೇ ಆಗಬೇಕೆಂದಿಲ್ಲ, ನೆಲೆವೀಡು ಎನ್ನುವುದಿಲ್ಲವೇ? ಛತ್ರದಲ್ಲಿ ಮಲಗಿದರೂ ಬೀಡೇ.

ಸ. ಬರೆದದ್ದು:

ಶಕಟರೇಫ ಆಮೇಲೆ ನೋಡೋಣ. ಈ ಆಟದಲ್ಲಿ ಪದದ ಆಯ್ಕೆ ಲೆಕ್ಕವನ್ನೇ ಕೆಡಿಸಬಲ್ಲದು, ಮೊದಲು ಅದನ್ನು ನೋಡಿ.

ಉದ್ದ-ಗಿಡ್ಡ ಹೇಳುವ ಹೆಸರು ಬೇಡ ಎನ್ನುವುದಕ್ಕೆ ಕಾರಣ ವ್ಯುತ್ಪತ್ತಿಯಲ್ಲ, ಅವಧಿ ಸ್ಥಿರವಲ್ಲದಿರುವುದು. 2014ರ ಡಂಜನ್ ಮಾಸ್ಟರ್ (ಆಟ ನಡೆಸುವವರ) ಕೈಪಿಡಿಯಲ್ಲೇ ಎರಡು ಪರ್ಯಾಯಗಳಿವೆ. ಒರಟು ವಾಸ್ತವದ ಪರ್ಯಾಯದಲ್ಲಿ ಶಾರ್ಟ್ ರೆಸ್ಟ್ 8 ಗಂಟೆ, ಲಾಂಗ್ ರೆಸ್ಟ್ 7 ದಿನ. ವೀರಗಾಥೆಯ ಪರ್ಯಾಯದಲ್ಲಿ ಕ್ರಮವಾಗಿ 5 ನಿಮಿಷ, 1 ಗಂಟೆ. ಅಂದರೆ ಒಂದು ಮೇಜಿನ (ಆಟದ ತಂಡದ) ‘ಅಲ್ಪ’ ಇನ್ನೊಂದು ಮೇಜಿನ ‘ದೀರ್ಘ’ದ ಎಂಟು ಪಟ್ಟು! ‘ರಾತ್ರಿ ತಂಗು’ ಎಂದು ಯಾರಾದರೂ ಸೂಚಿಸುವ ಮುಂಚೆ: ಹಗಲಲ್ಲೂ ಮಾಡಬಹುದು, ಎಲ್ಫ್‌ಗಳಿಗೆ ನಿದ್ದೆಯೇ ಇಲ್ಲ, 4 ಗಂಟೆ ಧ್ಯಾನ ಸಾಕು. ಯಾವುದರಿಂದ ಏನು ಮರಳಿ ಬರುತ್ತದೆ ಎಂಬುದರ ಮೇಲೆ ಹೆಸರಿಡಿ. ಆ ಕಾರಣಕ್ಕೆ ದಣಿವಾರಿಕೆ, ಬೀಡು ಎರಡಕ್ಕೂ ನನ್ನ ಒಪ್ಪಿಗೆ ಇದೆ.

ಈಗ ‘ದಿನಕ್ಕೊಮ್ಮೆ’. 5ನೇ ಲೆವೆಲಿನ ವಿಝರ್ಡ್‌ಗೆ 1, 2, 3ನೇ ಲೆವೆಲಿನ ಸ್ಲಾಟ್ ಕ್ರಮವಾಗಿ 4, 3, 2. ಲೆವೆಲ್ ಕೂಡಿಸಿದರೆ 4 + 6 + 6, ಒಟ್ಟು 16. ಆರ್ಕೇನ್ ರಿಕವರಿಯಿಂದ ಇನ್ನು 3, ಏಕೆಂದರೆ ಐದರ ಅರ್ಧವನ್ನು ಮೇಲಕ್ಕೇರಿಸಬೇಕು. (ಈ ಆಟದಲ್ಲಿ ಭಿನ್ನ ಬಂದರೆ ಕೆಳಕ್ಕಿಳಿಸುವುದೇ ವಾಡಿಕೆ, ಇದು ಅಪವಾದ. ಕೈಹಾಳೆಯಲ್ಲಿ ಬರೀ ‘ಅರ್ಧ’ ಎಂದರೆ ಎಲ್ಲರೂ 2 ಎಂದುಕೊಳ್ಳುತ್ತಾರೆ.) ಅದೇ ಲೆವೆಲಿನ, ಇನ್ನೊಂದು ಬಗೆಯ ಮಂತ್ರವಾದಿ ಪಾತ್ರವಾದ, ವಾರ್ಲಾಕ್‌ಗೆ 3ನೇ ಲೆವೆಲಿನ ಸ್ಲಾಟ್ ಎರಡೇ, ಆದರೆ ಪ್ರತಿ ಶಾರ್ಟ್ ರೆಸ್ಟಿಗೂ ಎರಡೂ ಮರಳುತ್ತವೆ.

ನಡುವೆ ಒಂದೂ ಶಾರ್ಟ್ ರೆಸ್ಟ್ ಸಿಗದಿದ್ದರೆ ವಿಝರ್ಡ್ 16, ವಾರ್ಲಾಕ್ 6. ಒಂದು ಸಿಕ್ಕರೆ 19, 12. ಎರಡು ಸಿಕ್ಕರೆ 19, 18. ಸರಿಸಾಟಿಯಾಗುವುದು ಎರಡರಲ್ಲಿ ಮಾತ್ರ. ಆರರಿಂದ ಎಂಟು ಮಧ್ಯಮ ಅಥವಾ ಕಠಿಣ ಕಾಳಗ, ನಡುವೆ ಸುಮಾರು ಎರಡು ಶಾರ್ಟ್ ರೆಸ್ಟ್ ಎಂದು 2014ರ ಕೈಪಿಡಿ ಒಂದು ದಿನಕ್ಕೆ ಎಣಿಸಿರುವುದೂ ಇದಕ್ಕೆ ಹೊಂದುತ್ತದೆ. ಒಂದೇ ಕಾಳಗ ಮುಗಿಸಿ ಮಲಗುವ ಮೇಜುಗಳಲ್ಲಿ ವಾರ್ಲಾಕ್ ಆಡುವವರು ಗೊಣಗುವುದರಲ್ಲಿ ಆಶ್ಚರ್ಯವಿಲ್ಲ.

ಇದೇ ‘ದಿನಕ್ಕೊಮ್ಮೆ’ಯನ್ನು ಏಳು ದಿನದ ಪರ್ಯಾಯಕ್ಕೆ ಒಯ್ಯಿರಿ. ಎರಡು ಲಾಂಗ್ ರೆಸ್ಟ್ ನಡುವೆ ನಾಲ್ಕು ರಾತ್ರಿ, ನಾಲ್ಕು ಶಾರ್ಟ್ ರೆಸ್ಟ್ ಎಂದಿಟ್ಟುಕೊಳ್ಳಿ. ಅಕ್ಷರಶಃ ಓದಿದರೆ ವಿಝರ್ಡ್‌ಗೆ ನಾಲ್ಕು ಸಲ ರಿಕವರಿ, 16 + 12 = 28. ‘ಲಾಂಗ್ ರೆಸ್ಟಿಗೊಮ್ಮೆ’ ಎಂದು ಓದಿದರೆ 19. ವಾರ್ಲಾಕ್ ಎರಡೂ ಓದಿನಲ್ಲಿ 30. 2024ರ ಪರಿಷ್ಕರಣೆ ‘ದಿನ’ ತೆಗೆದು ಲಾಂಗ್ ರೆಸ್ಟಿಗೆ ಕಟ್ಟಿಹಾಕಿತು. ನೀವು ಹಿಡಿದಿರುವುದು 2014ರ ಪಾಠ, ಹಾಗಾಗಿ ‘ದಿನಕ್ಕೊಮ್ಮೆ’ ಉಳಿಯಲಿ. ಏಳು ದಿನದ ಪರ್ಯಾಯ ಆಡುವವರಿಗೆ ಅಡಿಟಿಪ್ಪಣಿ ಕೊಡಿ.

ಗ. ಬರೆದದ್ದು:

ಇಷ್ಟೆಲ್ಲ ಎಣಿಕೆ ಹಾಕಿದವರು ‘ಮಂತ್ರ’ ಎಂಬುದನ್ನು ಮುಟ್ಟಲೇ ಇಲ್ಲ. ಆಡು-ಆಟ, ನೋಡು-ನೋಟ, ಮಾಡು-ಮಾಟ. ಕಣ್ಣೆದುರಿಗೇ ಕನ್ನಡದ ಪದವಿರುವಾಗ ಸಾಲ ಯಾಕೆ? ಸ್ಪೆಲ್ = ಮಾಟ. ಸ್ಲಾಟ್ = ಮನೆ; ಚದುರಂಗದಲ್ಲಿ ಕಾಯಿ ಕೂರುವುದು ಮನೆಯಲ್ಲೇ ಅಲ್ಲವೇ? ‘ಮಾಟಮನೆ’. ಮುಗಿಯಿತು.

ಸ. ಬರೆದದ್ದು:

ಮುಗಿದಿಲ್ಲ. ಕ್ಲೆರಿಕ್ (ಪುರೋಹಿತ ಪಾತ್ರ) ಗಾಯ ವಾಸಿಮಾಡಿದರೆ ‘ಮಾಟ ಮಾಡಿಸಿದರು’ ಎನ್ನೋಣವೇ? ಮಾಟಕ್ಕೆ ಕೇಡಿನ ವಾಸನೆ ಅಂಟಿ ಯಾವ ಕಾಲವಾಯಿತು.

‘ಮನೆ’ ಹಳೆಯ ಆವೃತ್ತಿಗಳಿಗಾದರೆ ಒಪ್ಪುತ್ತಿತ್ತು. ಆಗ ಯಾವ ಸ್ಲಾಟಿನಲ್ಲಿ ಯಾವ ಮಂತ್ರ ಎಂದು ಬೆಳಿಗ್ಗೆಯೇ ಕೂರಿಸಿಕೊಳ್ಳಬೇಕಿತ್ತು, ಹಾಕಿದ ಕೂಡಲೇ ಅದು ಮರೆತುಹೋಗುತ್ತಿತ್ತು. ಐದನೇ ಆವೃತ್ತಿಯಲ್ಲಿ ಸಿದ್ಧಪಡಿಸಿಕೊಂಡ ಮಂತ್ರಗಳ ಪಟ್ಟಿಯೇ ಬೇರೆ, ಸ್ಲಾಟೇ ಬೇರೆ. ಸ್ಲಾಟಿನಲ್ಲಿ ಏನೂ ಕೂರುವುದಿಲ್ಲ, ಅದು ಖರ್ಚಾಗುತ್ತದೆ. ಹಾಗೆಂದು ‘ಮಂತ್ರಬಲ’ವೂ ಆಗದು. ಅದು ಸ್ಪೆಲ್ ಪಾಯಿಂಟ್ ಎಂಬ ಬೇರೊಂದು ಪರ್ಯಾಯದ ಕಡೆಗೆ ಎಳೆಯುತ್ತದೆ, ಅಲ್ಲಿ 3ನೇ ಲೆವೆಲಿನ ಸ್ಲಾಟಿಗೆ 5 ಪಾಯಿಂಟ್ ತೆರಬೇಕು. ಸ್ಲಾಟ್ ಚಿಲ್ಲರೆ ಸಿಗದ ನೋಟಿನಂತೆ: 1ನೇ ಲೆವೆಲಿನ ಎರಡು ಕೊಟ್ಟು 2ನೇ ಲೆವೆಲಿನ ಮಂತ್ರ ಹಾಕುವಂತಿಲ್ಲ, 1ನೇ ಲೆವೆಲಿನ ಮಂತ್ರಕ್ಕೆ 2ನೇ ಲೆವೆಲಿನದನ್ನು ಕೊಟ್ಟರೆ ಬಾಕಿ ಬರುವುದಿಲ್ಲ. ‘ಸ್ಲಾಟ್’ ಎಂದೇ ಬಿಡಿ. ಪಾತ್ರದ ಹಾಳೆಯಲ್ಲಿ ಅಚ್ಚಾಗಿರುವುದೂ ಅದೇ, ಮೇಜಿನಲ್ಲಿ ಎಲ್ಲರ ಬಾಯಲ್ಲಿರುವುದೂ ಅದೇ.

ಹ. ಬರೆದದ್ದು:

‘ಮಂತ್ರ ಸ್ಲಾಟ್’ ಎಂದು ಹಾಕುವ ಯೋಚನೆಯಿದ್ದರೆ ಅದು ಅರಿಸಮಾಸ.

ರ. ಬರೆದದ್ದು:

ಅರಿಸಮಾಸದ ಮಾತು ಸಂಸ್ಕೃತ-ಕನ್ನಡ ಕೂಡಿಕೆಗೆ, ಸಂಸ್ಕೃತ-ಇಂಗ್ಲಿಷಿಗಲ್ಲ. ಬಿರುದಾವಳಿಗೆ ವ್ಯಾಕರಣಕಾರ ಕೇಶಿರಾಜನೇ ವಿನಾಯಿತಿ ಕೊಟ್ಟಿದ್ದಾನೆ. ಆಟದ ಪರಿಭಾಷೆ ಬಿರುದಾವಳಿಗಿಂತ ಬಹಳ ದೂರದ್ದೇನಲ್ಲ.

ನನ್ನ ಆಕ್ಷೇಪ ‘ಲೆವೆಲ್’ ಬಗ್ಗೆ. ಅ. ಅವರ ಕರಡಿನಲ್ಲಿ ಪಾತ್ರಕ್ಕೂ ಮಂತ್ರಕ್ಕೂ ಅದೇ ಪದ. ಇಂಗ್ಲಿಷಿನಲ್ಲಿ ಈ ಗೊಂದಲ ಮೊದಲಿಂದಲೂ ಇದೆ, ಕನ್ನಡಕ್ಕೂ ಅದನ್ನು ಹೊತ್ತು ತರಬೇಕೇ? 5ನೇ ಲೆವೆಲಿನ ವಿಝರ್ಡ್ 5ನೇ ಲೆವೆಲಿನ ಮಂತ್ರ ಹಾಕಬಲ್ಲ ಎಂದೇ ಹೊಸಬರು ತಿಳಿಯುತ್ತಾರೆ. ಅವನಿಗಿರುವುದು 3ನೆಯದರವರೆಗೆ, 5ನೆಯದು ಬರುವುದು 9ನೇ ಲೆವೆಲಿಗೆ. ಪಾತ್ರಕ್ಕೆ ‘ಹಂತ’, ಮಂತ್ರಕ್ಕೂ ಸ್ಲಾಟಿಗೂ ‘ದರ್ಜೆ’ ಎಂದು ಒಡೆಯಿರಿ. ‘ಹಂತದ ಅರ್ಧ, ದರ್ಜೆಗಳ ಮೊತ್ತ’ ಎಂದರೆ ರಿಕವರಿಯ ನಿಯಮ ತಾನಾಗಿ ಬಿಡಿಸಿಕೊಳ್ಳುತ್ತದೆ.

‘ಚೇತರಿಕೆ’ಯನ್ನು ದೇಹಕ್ಕೆ ಮೀಸಲಿಡಿ. ಶಾರ್ಟ್ ರೆಸ್ಟಿನಲ್ಲಿ ಜೀವಾಂಕ (ಹಿಟ್ ಪಾಯಿಂಟ್) ಏರಿಸಿಕೊಳ್ಳಲು ಉರುಳಿಸುವ ಹಿಟ್ ಡೈಸ್‌ಗೆ ‘ಚೇತರಿಕೆ ದಾಳ’ ಸೊಗಸಾಗಿ ಹೊಂದುತ್ತದೆ, ಹೊಡೆತಕ್ಕೂ ಆ ದಾಳಕ್ಕೂ ಸಂಬಂಧವಿಲ್ಲ. ಆರ್ಕೇನ್ ರಿಕವರಿಗೆ ‘ಮರುಗಳಿಕೆ’. ‘ಮರುಪೂರಣ’ ಬೇಡ, ಅದರಲ್ಲಿ ಪೂರ್ತಿ ತುಂಬಿತೆಂಬ ಧ್ವನಿಯಿದೆ. ವಾರ್ಲಾಕ್‌ನದು ತುಂಬುತ್ತದೆ, ವಿಝರ್ಡ್‌ನದು ತುಂಬುವುದಿಲ್ಲ.

ಗ. ಬರೆದದ್ದು:

‘ದರ್ಜೆ’ ಪಾರ್ಸಿಯಿಂದ ಬಂದದ್ದು. ಸಂಸ್ಕೃತದ ಸಾಲ ಸಾಲದೆಂದು ಈಗ ಪಾರ್ಸಿಯದೂ ಸೇರಿತು. ಹೀಗೇ ಹೋದರೆ ಕೈಹಾಳೆಯಲ್ಲಿ ಕನ್ನಡವೆಂದು ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ. ಈ ಗುಂಪಿನಲ್ಲಿ ಸುಮಾರು ಜನಕ್ಕೆ ಅದರ ಚಿಂತೆಯೇ ಇಲ್ಲ.

ರ. ಬರೆದದ್ದು:

‘ಸುಮಾರು’ ಎಲ್ಲಿಂದ ಬಂತು ಸ್ವಾಮಿ? ಅದೂ ಪಾರ್ಸಿ. ‘ಚಿಂತೆ’ ಎಲ್ಲಿಯದು? ನೂರಾರು ವರ್ಷ ಮನೆಯೊಳಗೇ ಬಾಳಿದ ಪದಕ್ಕೆ ಇವತ್ತು ಊರು ಕೇಳುವುದು ನ್ಯಾಯವಲ್ಲ.

ಹ. ಬರೆದದ್ದು:

ನ್ಯಾಯ ಕೇಳುವವರು ಮೊದಲು ‘ದಣಿವಾಱಿಕೆ’ಗೆ ಉತ್ತರಿಸಲಿ.

ಸ. ಬರೆದದ್ದು:

ಉತ್ತರ: ಬೇಡ. ಓದುವವರು ಆಟಗಾರರು.

ಅ. ಅವರೇ, ಪದಗಳಿಗಿಂತ ವಾಕ್ಯಗಳಲ್ಲಿ ಹೆಚ್ಚು ಅಪಾಯವಿದೆ, ಎರಡು ಕಡೆ ಎಚ್ಚರ. ಒಂದು, ಲಾಂಗ್ ರೆಸ್ಟಿಗೆ ಭಂಗ ತರುವ ಸಂಗತಿಗಳ ಸಾಲು. 2014ರ ಮೂಲದಲ್ಲಿ ‘ಕನಿಷ್ಠ ಒಂದು ಗಂಟೆ’ ಎಂಬುದು ನಡಿಗೆಗೆ ಮಾತ್ರವೋ, ಕಾಳಗ ಮತ್ತು ಮಂತ್ರಪ್ರಯೋಗಕ್ಕೂ ಸೇರಿಯೋ ಎಂಬುದು ಆಟಗಾರರು ವರ್ಷಗಟ್ಟಲೆ ಜಗಳವಾಡಿದ ವಿಷಯ. ಕನ್ನಡದಲ್ಲಿ ಗಂಟೆಯನ್ನು ಮೊದಲು ಇಟ್ಟರೆ ಅದೇ ಜಗಳ. ಕೊನೆಗೆ ಇಟ್ಟು ‘ಇವೆಲ್ಲ ಸೇರಿ ಒಂದು ಗಂಟೆಯಾದರೆ’ ಎಂದರೆ ನೀವೇ ತೀರ್ಪು ಕೊಟ್ಟಂತೆ. ಕೊಡಿ, ತಪ್ಪಿಲ್ಲ, ಆದರೆ ಕೊಡುತ್ತಿದ್ದೇವೆ ಎಂಬ ಅರಿವಿರಲಿ. 2024ರಲ್ಲಿ ಇದನ್ನು ಬಿಡಿಸಿಟ್ಟಿದ್ದಾರೆ: ಇನಿಶಿಯೇಟಿವ್ (ಕಾಳಗದ ಸರದಿ ನಿರ್ಧರಿಸುವ ದಾಳ) ಉರುಳಿಸಿದರೆ, ಕ್ಯಾಂಟ್ರಿಪ್ (ಸ್ಲಾಟ್ ಬೇಡದ ಕಿರುಮಂತ್ರ) ಅಲ್ಲದ ಮಂತ್ರ ಹಾಕಿದರೆ, ಪೆಟ್ಟು ಬಿದ್ದರೆ ಭಂಗ. ಗಂಟೆಯ ಲೆಕ್ಕ ನಡಿಗೆಯಂಥ ದೈಹಿಕ ಶ್ರಮಕ್ಕೆ ಮಾತ್ರ.

ಎರಡು, ಸಾರ್ಸರರ್ (ಹುಟ್ಟಿನಿಂದಲೇ ಮಾಂತ್ರಿಕ ಶಕ್ತಿಯುಳ್ಳ ಪಾತ್ರ) ತನ್ನದೇ ಬೇರೆ ಬಗೆಯ ಪಾಯಿಂಟುಗಳಿಂದ ಸೃಷ್ಟಿಸಿಕೊಂಡ ಸ್ಲಾಟ್ ಲಾಂಗ್ ರೆಸ್ಟ್ ಮುಗಿದಾಗ ಮಾಯವಾಗುತ್ತದೆ ಎಂಬ ಸಾಲು. ಜಾಗ ಸಾಲದೆಂದು ಅದನ್ನು ಬಿಟ್ಟೀರಿ! ವಾರ್ಲಾಕ್-ಸಾರ್ಸರರ್ ಎರಡೂ ಬೆರೆತ ಪಾತ್ರ ಶಾರ್ಟ್ ರೆಸ್ಟಿನಲ್ಲಿ ವಾರ್ಲಾಕ್ ಸ್ಲಾಟ್ ತುಂಬಿಸಿಕೊಳ್ಳುತ್ತದೆ. ಅದನ್ನು ಪಾಯಿಂಟಿಗೆ ಒಡೆಯುತ್ತದೆ, 3ನೇ ದರ್ಜೆಯದಕ್ಕೆ 3 ಪಾಯಿಂಟ್. ಆ ಪಾಯಿಂಟಿನಿಂದ ಹೊಸ ಸ್ಲಾಟ್, 1ನೇ ದರ್ಜೆಯದಕ್ಕೆ 2, 2ನೆಯದಕ್ಕೆ 3, 3ನೆಯದಕ್ಕೆ 5. ಮತ್ತೆ ಒಂದು ಗಂಟೆ ಕೂರುತ್ತದೆ. ಮಲಗದೆ ಇದನ್ನೇ ಸುತ್ತುತ್ತಿದ್ದರೆ ಸ್ಲಾಟ್ ಗುಡ್ಡೆ ಬೀಳುತ್ತದೆ. ತಡೆಯಿರುವುದು ಆ ಒಂದು ಸಾಲಿನಲ್ಲಿ. ಜೊತೆಗೆ ಲಾಂಗ್ ರೆಸ್ಟಿಲ್ಲದೆ 24 ಗಂಟೆ ಕಳೆದರೆ ದೇಹದಾರ್ಢ್ಯದ ಪರೀಕ್ಷೆ, ಗುರಿ 10, ಸೋತರೆ ಒಂದು ಮಟ್ಟ ನಿತ್ರಾಣ, ಪ್ರತಿ ಮರುದಿನ ಗುರಿ 5 ಏರುವುದು ಎಂಬ 2017ರ ಐಚ್ಛಿಕ ನಿಯಮವೂ ಇದೆ. ಅದು ನಿಮ್ಮ ಪರವಾನಗಿಯ ಪಾಠದಲ್ಲಿಲ್ಲ, ಹಾಗಾಗಿ ಅಚ್ಚು ಹಾಕಬೇಡಿ.

ಅ. ಬರೆದದ್ದು:

ಎಲ್ಲರಿಗೂ ಕೃತಜ್ಞತೆಗಳು. ಹೀಗೆ ಹೋಗುತ್ತಿದೆ:

“ದಣಿವಾರಿಕೆ: ಕನಿಷ್ಠ 1 ಗಂಟೆ. ಚೇತರಿಕೆ ದಾಳ ಉರುಳಿಸಿ ಜೀವಾಂಕ ಏರಿಸಿಕೊಳ್ಳಬಹುದು. ವಾರ್ಲಾಕ್‌ನ ಎಲ್ಲ ಸ್ಲಾಟ್ ತುಂಬುತ್ತವೆ.

ಬೀಡು: ಕನಿಷ್ಠ 8 ಗಂಟೆ. ಬೀಡು ಬಿಟ್ಟ ಮೇಲೆ ಎಲ್ಲರ ಜೀವಾಂಕ ಮತ್ತು ಸ್ಲಾಟ್ ಪೂರ್ತಿ. ಖರ್ಚಾದ ಚೇತರಿಕೆ ದಾಳಗಳಲ್ಲಿ, ಒಟ್ಟು ದಾಳಗಳ ಅರ್ಧದಷ್ಟು (ಕನಿಷ್ಠ ಒಂದು) ವಾಪಸ್. ಸಾರ್ಸರರ್ ಸೃಷ್ಟಿಸಿಕೊಂಡ ಸ್ಲಾಟ್ ಮಾಯ.

ಮಂತ್ರ ಮರುಗಳಿಕೆ (ವಿಝರ್ಡ್): ದಿನಕ್ಕೊಮ್ಮೆ, ದಣಿವಾರಿಕೆ ಮುಗಿದಾಗ. ಮರಳಿ ಪಡೆಯುವ ಸ್ಲಾಟ್‌ಗಳ ದರ್ಜೆಗಳ ಮೊತ್ತ, ಹಂತದ ಅರ್ಧವನ್ನು (ಭಿನ್ನ ಬಂದರೆ ಮೇಲಕ್ಕೇರಿಸಿ) ಮೀರಬಾರದು. 6 ಮತ್ತು ಮೇಲಿನ ಸ್ಲಾಟ್ ಸಲ್ಲದು. ಉದಾ: 5ನೇ ಹಂತಕ್ಕೆ ಮೊತ್ತ 3. 3ನೇ ದರ್ಜೆಯದು ಒಂದು, ಅಥವಾ 2ನೆಯದು ಒಂದು ಮತ್ತು 1ನೆಯದು ಒಂದು, ಅಥವಾ 1ನೆಯವು ಮೂರು.”

ಏಳು ದಿನದ ಪರ್ಯಾಯದ ಅಡಿಟಿಪ್ಪಣಿ ಎರಡನೇ ಪುಟದಲ್ಲಿದೆ.

ರ. ಬರೆದದ್ದು:

ಅಚ್ಚಿಗೆ ಕೊಡುವ ಮುಂಚೆ ಎರಡು ತಿದ್ದುಪಡಿ. ‘6 ಮತ್ತು ಮೇಲಿನ ದರ್ಜೆಯ ಸ್ಲಾಟ್’ ಎಂದಾಗಬೇಕು, ಇಲ್ಲದಿದ್ದರೆ ಆರನೆಯ ಸ್ಲಾಟ್ ಎಂದು ಎಣಿಸಲು ಶುರುಮಾಡುತ್ತಾರೆ.

‘ಬೀಡು ಬಿಟ್ಟ ಮೇಲೆ’ ತೆಗೆಯಿರಿ. ಬೀಡುಬಿಡುವುದೆಂದರೆ ತಂಗುವುದೂ ಹೌದು. ‘ಮನೆ ಬಿಟ್ಟ’ ಎಂಬ ಹಾಗೆ ಓದಿದರೆ ಹೊರಡುವುದೂ ಹೌದು. ಡೇರೆ ಹಾಕಿದ ಕೂಡಲೇ ಸ್ಲಾಟ್ ತುಂಬಿತು ಎಂದು ವಾದಿಸುವ ಆಟಗಾರ ಪ್ರತಿ ಮೇಜಿಗೊಬ್ಬ ಇರುತ್ತಾನೆ. ‘ಬೀಡು ಪೂರ್ತಿ ಮುಗಿದಾಗ’ ಎಂದು ಹಾಕಿ.