ಮೇಷ್ಟ್ರ ಕಣ್ಣು ಯಾವ ಬೆಂಚಿನ ಮೇಲಿದೆ?

ಹಾಸನದ ಮೇಷ್ಟ್ರು: ಬಿ.ಇಡಿ ವಿದ್ಯಾರ್ಥಿಗಳ ಅಭ್ಯಾಸ ಪಾಠ ನೋಡೋಕೆ ನಾನು ಕೊನೇ ಬೆಂಚಲ್ಲಿ ಕೂರುತ್ತೇನೆ. ತಯಾರಿ ಚೆನ್ನಾಗಿರುತ್ತೆ. ಆದರೆ ಅವರ ಕಣ್ಣು ಮುಂದಿನ ಎರಡು ಬೆಂಚು ದಾಟೋದಿಲ್ಲ. ಬೋರ್ಡಿಗೆ ಮುಖ ಮಾಡಿಕೊಂಡೇ ಅರ್ಧ ಪಾಠ ಮುಗಿಯುತ್ತೆ. ಅಷ್ಟೊತ್ತಿಗೆ ನನ್ನ ಪಕ್ಕದ ಹುಡುಗ ಪೆನ್ನಿನ ರೀಫಿಲ್ ಬಿಚ್ಚಿ, ಸ್ಪ್ರಿಂಗ್ ಎಳೆಯುತ್ತಿರುತ್ತಾನೆ. ಶಿಕ್ಷಕರ ಹಾವಭಾವಕ್ಕೂ ಕಲಿಕೆಗೂ ನೇರ ಸಂಬಂಧ ಇದೆ ಅಂತ ನನ್ನ ವಾದ.

ಪಿಯು ಫಿಸಿಕ್ಸ್: ಅಷ್ಟು ದೂರ ಹೋಗಬೇಡಿ ಸರ್. ತರಬೇತಿಗಳಲ್ಲಿ ‘ಸಂವಹನದಲ್ಲಿ ಮಾತಿನ ಪಾಲು ಬರೀ 7 ಪರ್ಸೆಂಟ್, ಮಿಕ್ಕಿದ್ದು ದನಿ, ಮುಖಭಾವ’ ಅಂತ ಸ್ಲೈಡ್ ತೋರಿಸುತ್ತಾರೆ. ಅದು ಮನಶ್ಶಾಸ್ತ್ರಜ್ಞ ಮೆಹ್ರಾಬಿಯನ್ ಅವರ 1967ರ ಪ್ರಯೋಗಗಳಿಂದ ಬಂದಿದ್ದು. ಅಲ್ಲಿ ಬಿಡಿ ಪದ ಕೇಳಿಸಿ, ಹೇಳಿದವರ ಮನಸ್ಸಲ್ಲಿ ಇಷ್ಟ ಇದೆಯಾ ಇಲ್ಲವಾ ಊಹಿಸಿ ಅಂದಿದ್ದರು. ನ್ಯೂಟನ್ನನ ಮೂರನೇ ನಿಯಮಕ್ಕೆ ಅದನ್ನು ಅಂಟಿಸೋಕಾಗಲ್ಲ. ವಿಷಯ ಗಟ್ಟಿ ಇರಬೇಕು.

ಸೈಕಾಲಜಿ ಎಂ.ಎ.: 7 ಪರ್ಸೆಂಟ್ ವಿಚಾರದಲ್ಲಿ ನಿಮ್ಮ ಮಾತು ಸರಿ. ಆದರೆ ಮನಶ್ಶಾಸ್ತ್ರಜ್ಞರಾದ ನಳಿನಿ ಅಂಬಾಡಿ, ರಾಬರ್ಟ್ ರೋಸೆಂಥಾಲ್ ಅವರ 1993ರ ಅಧ್ಯಯನವನ್ನೂ ನೋಡಿ. ಹಾರ್ವರ್ಡ್‌ನಲ್ಲಿ ಪಾಠ ಮಾಡುವವರ 10 ಸೆಕೆಂಡಿನ ವಿಡಿಯೋ ತುಣುಕುಗಳನ್ನು ದನಿ ಇಲ್ಲದೆ ಅಪರಿಚಿತರಿಗೆ ತೋರಿಸಿದರು. ಆ ಅಪರಿಚಿತರು ಮೇಷ್ಟ್ರಿಗೆ ಹಾಕಿದ ಅಂಕಕ್ಕೂ, ಸೆಮಿಸ್ಟರ್ ಕೊನೆಗೆ ವಿದ್ಯಾರ್ಥಿಗಳು ಹಾಕಿದ್ದಕ್ಕೂ ಒಳ್ಳೆ ಹೊಂದಿಕೆ ಇತ್ತು.

ಪಿಯು ಫಿಸಿಕ್ಸ್: ಮೇಷ್ಟ್ರು ಇಷ್ಟವಾದರು ಅಂತ ಆಯ್ತು. ಪಾಠ ತಲೆಗೆ ಹತ್ತಿತಾ? ಅದು ಬೇರೆ ಪ್ರಶ್ನೆ ಅಲ್ವಾ?

ಸೈಕಾಲಜಿ ಎಂ.ಎ.: ಹಾಗಾದರೆ ಕೈಸನ್ನೆ ತಗೊಳ್ಳಿ. 7+2+9=7+__ ಥರದ ಲೆಕ್ಕ. ಚಿಕ್ಕ ಮಕ್ಕಳು ಎಲ್ಲವನ್ನೂ ಕೂಡಿ 25 ಬರೆದುಬಿಡುತ್ತಾರೆ. ಎರಡೂ ಕಡೆ ಸಮ ಇರಬೇಕು ಅನ್ನುವಾಗ ಎಡಗಡೆ ಒಂದು ಕೈ, ಬಲಗಡೆ ಇನ್ನೊಂದು ಕೈ ಆಡಿಸಿ ತೋರಿಸಿದರೆ ಜಾಸ್ತಿ ಕಲಿಯುತ್ತಾರೆ. ಸಂಶೋಧಕಿ ಸೂಸನ್ ವ್ಯಾಗ್ನರ್ ಕುಕ್ ಮತ್ತು ಜೊತೆಯವರು 2013ರಲ್ಲಿ ಇದನ್ನು ಪರೀಕ್ಷೆ ಇಟ್ಟೇ ತೋರಿಸಿದ್ದಾರೆ. ಮರುದಿನದ ಪರೀಕ್ಷೆಯಲ್ಲೂ ಆ ಮಕ್ಕಳೇ ಮುಂದಿದ್ದರು.

ನಲಿ-ಕಲಿ ಟೀಚರ್: ಕೂರುವ ರೀತಿಯನ್ನೂ ಸೇರಿಸಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿಯಲ್ಲಿ (ಸರ್ಕಾರಿ ಶಾಲೆಯ ಚಿಕ್ಕ ಮಕ್ಕಳಿಗೆ ಚಟುವಟಿಕೆ ಮೂಲಕ ಕಲಿಸುವ ಪದ್ಧತಿ) ಮಕ್ಕಳು ತಟ್ಟೆಗಳಲ್ಲಿ, ಅಂದರೆ ಗುಂಪು ಗುಂಪಾಗಿ, ಕೂರುತ್ತಾರೆ. ನಾವೂ ಅವರ ಜೊತೆ ನೆಲದ ಮೇಲೆ. ನಾನು ನಿಂತು ‘ಗೊತ್ತಾಯ್ತಾ?’ ಅಂದರೆ ‘ಹೂಂ ಮಿಸ್’ ಅಂತಾರೆ. ಪಕ್ಕದಲ್ಲಿ ಕೂತರೆ ಒತ್ತಕ್ಷರದ ಮೇಲೆ ಬೆರಳಿಟ್ಟು ‘ಇದು ಬರ್ತಿಲ್ಲ’ ಅಂತಾರೆ.

ದಾವಣಗೆರೆ ಅಮ್ಮ: ನನ್ನ ಮಗಳ ಟೀಚರ್ ಬೈಯೋದೇ ಇಲ್ಲ. ಉತ್ತರ ತಪ್ಪಾದರೆ ಮಾತಿಲ್ಲದೆ ಮುಖ ತಿರುಗಿಸಿ ಮುಂದಿನವರ ಕಡೆ ಬೆರಳು ತೋರಿಸುತ್ತಾರೆ ಅಷ್ಟೆ. ಇವಳು ಈಗ ಕೈ ಎತ್ತೋದನ್ನೇ ಬಿಟ್ಟಿದ್ದಾಳೆ. ತುಂಬಾ ಸಂಕಟ ಆಗುತ್ತೆ.

ಹಾಸನದ ಮೇಷ್ಟ್ರು: ನನಗೂ ಬೇಜಾರಾಯಿತು ಅಮ್ಮಾ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ತರಗತಿಗಳ ರೆಕಾರ್ಡಿಂಗ್ ಕೇಳಿ ಗಮನಿಸಿದ್ದೂ ಇಂಥದ್ದೇ ಅವಸರವನ್ನು. ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು 1 ಸೆಕೆಂಡ್ ಮಾತ್ರ ಕಾಯುತ್ತಿದ್ದರು. 3 ಸೆಕೆಂಡ್ ಕಾದಾಗ ಉತ್ತರ ಉದ್ದವಾಯಿತು, ಹಿಂದೆ ಉಳಿದಿದ್ದ ಮಕ್ಕಳೂ ಬಾಯಿ ಬಿಟ್ಟರು. ಮಗುವಿನ ಕಡೆ ಮುಖ ಇಟ್ಟುಕೊಂಡು ಸುಮ್ನೆ ಕಾಯಬೇಕು.

ಪಿಯು ಫಿಸಿಕ್ಸ್: ಇದನ್ನು ಒಪ್ಪುತ್ತೇನೆ. ಆದರೆ ನನ್ನ ಕ್ಲಾಸಲ್ಲಿ 80 ಜನ. ಮೇಲಿಂದ ಸಿಲೆಬಸ್ ಒತ್ತಡ. ಎಲ್ಲರ ಮುಖ ನೋಡಿಕೊಂಡು ಕಾಯೋದು ಹೇಗೆ ಹೇಳಿ?

ನಲಿ-ಕಲಿ ಟೀಚರ್: ಎಲ್ಲರನ್ನೂ ಒಂದೇ ದಿನ ಬೇಡ ಸರ್. ಬೋರ್ಡ್ ಬಿಟ್ಟು ದಿನಕ್ಕೊಂದು ಸಾಲಿನ ಪಕ್ಕ ನಿಂತು ಪ್ರಶ್ನೆ ಕೇಳಿ. ಕೊನೇ ಸಾಲಿಂದ ಶುರು ಮಾಡಿ.