ಮೂರು ದಿನ ಕರೆಂಟಿಲ್ಲ, ಆರೋಗ್ಯ ಕೇಂದ್ರದ ಲಸಿಕೆ ಸರಿ ಇರ್ತದಾ?

ಪ್ರಶ್ನೆ (ಯಲ್ಲಾಪುರ ಕಡೆಯ ಒಬ್ಬ ತಾಯಿ): ಸೋಮವಾರ ರಾತ್ರಿಯ ಗಾಳಿಮಳೆಗೆ ನಮ್ಮೂರ ಲೈನ್ ಮೇಲೆ ಮರ ಬಿದ್ದಿದ್ದು, ಇನ್ನೂ ಕರೆಂಟ್ ಬಂದಿಲ್ಲ. ಮಗಳಿಗೆ ಮೂರೂವರೆ ತಿಂಗಳು. ನಾಳೆ ಗುರುವಾರ ಮೂರನೇ ಪೆಂಟಾ (ನಾಯಿಕೆಮ್ಮು ಸೇರಿ ಐದು ರೋಗ ತಡೆಯೋ ಲಸಿಕೆ) ಹಾಕಿಸಬೇಕು, ಆಶಾ ಅಕ್ಕ ಬನ್ನಿ ಅಂದಿದ್ದಾರೆ. ಮನೆ ಫ್ರಿಜ್‌ನಲ್ಲಿದ್ದ ಹಾಲೇ ಒಡೆದುಹೋಯ್ತು, ಅವರ ಫ್ರಿಜ್‌ನಲ್ಲಿರೋ ಲಸಿಕೆ ಹೇಗೆ ಸರಿ ಇರ್ತದೆ? ಅತ್ತೆ "ಮಳೆ ಬಿಟ್ಟಮೇಲೆ ಹಾಕ್ಸಿದ್ರಾತು" ಅಂತಾರೆ. ಈ ಕೆಲಸ ಗೊತ್ತಿರೋರು ಗುಂಪಲ್ಲಿ ಇದ್ರೆ ಹೇಳಿ.

ಉತ್ತರ (ಆರೋಗ್ಯ ಕೇಂದ್ರದ ಫಾರ್ಮಸಿಸ್ಟ್, ಶಿರಸಿ): ತಂಗೀ, ನಾಳೆಯೇ ಹೋಗಿ. ನಮ್ಮ ಕಡೆ ಮಳೆ ಬಿಡೋದು ಅಂದ್ರೆ ಚೌತಿ ಕಳೀಬೇಕು, ಅಲ್ಲಿವರೆಗೆ ನಾಯಿಕೆಮ್ಮು ಕಾಯೋದಿಲ್ಲ. ಅತ್ತೆಯವರಿಗೂ ಇದನ್ನ ಓದಿ ಹೇಳಿ.

ಲಸಿಕೆ ಇರಬೇಕಾದ್ದು 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೆ. ನಮ್ಮಲ್ಲಿರೋದು ಮನೆ ಫ್ರಿಜ್ ಅಲ್ಲ, ಐಎಲ್‌ಆರ್ ಅಂತ ಬೇರೆಯೇ ಪೆಟ್ಟಿಗೆ. ಗೋಡೆಯೊಳಗೆ ಸುತ್ತಲೂ ನೀರಿನ ಪದರ ಇರ್ತದೆ, ಕರೆಂಟ್ ಇದ್ದಾಗ ಅದು ಮಂಜುಗಡ್ಡೆ ಆಗ್ತದೆ. ಕರೆಂಟ್ ಹೋದಾಗ ಆ ಗಡ್ಡೆಯೇ ಒಳಗಿನ ತಂಪು ಕಾಯ್ತದೆ. ದಿನದಲ್ಲಿ ಎಂಟು ತಾಸು ಕರೆಂಟ್ ಸಿಕ್ಕರೂ ಸಾಕು ಅನ್ನೋ ಲೆಕ್ಕದಲ್ಲೇ ಅದನ್ನ ಮಾಡಿರೋದು. ಬಾಗಿಲು ಮೇಲ್ಗಡೆ ಇರೋದಕ್ಕೂ ಕಾರಣ ಇದೆ. ತಣ್ಣನೆ ಗಾಳಿ ಭಾರ, ಮುಚ್ಚಳ ತೆಗೆದರೂ ಕೆಳಗೇ ಉಳೀತದೆ. ಮನೆ ಫ್ರಿಜ್ ಬಾಗಿಲು ತೆಗೆದರೆ ಕಾಲಮೇಲೆ ಸುರಿದು ಹೋಗ್ತದೆ. ಹೊರಗಡೆ 43 ಡಿಗ್ರಿ ಸೆಕೆಯಲ್ಲೂ ಕನಿಷ್ಠ 20 ತಾಸು ತಡೀಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ ನಿಯಮ. ನಮ್ಮ ಆಷಾಢದಲ್ಲಿ ಕಂಬಳಿ ಹೊದ್ದು ಕೂತಿರ್ತೀವಲ್ಲ, ಇನ್ನೂ ಹೆಚ್ಚು ಹೊತ್ತು ತಡೀತದೆ.

ಆದ್ರೂ ಮೂರು ದಿನ ಪೂರ್ತಿ ಬರೀ ಗಡ್ಡೆ ನಂಬಿ ಯಾರೂ ಕೂರೋದಿಲ್ಲ. ಜನರೇಟರ್ ಇದ್ರೆ ಹಚ್ತಾರೆ. ಇಲ್ಲಾಂದ್ರೆ, ಥರ್ಮಾಮೀಟರ್ ಎಂಟರ ಹತ್ತಿರ ಬರೋ ಮೊದಲೇ ಲಸಿಕೆಯನ್ನೆಲ್ಲ ಕೋಲ್ಡ್ ಬಾಕ್ಸಿಗೆ ತುಂಬಿ ಕರೆಂಟ್ ಇರೋ ಬೇರೆ ಕೇಂದ್ರಕ್ಕೆ ಸಾಗಿಸ್ತಾರೆ. ದಿನಕ್ಕೆ ಎರಡು ಸಲ ತಾಪಮಾನ ನೋಡಿ ಪುಸ್ತಕದಲ್ಲಿ ಬರೆಯೋದು ಕಡ್ಡಾಯ. ಅನುಮಾನ ಇದ್ರೆ ಆ ಪುಸ್ತಕ ತೋರಿಸಿ ಅಂತ ಕೇಳಿ, ಯಾರೂ ಬೇಜಾರು ಮಾಡ್ಕೊಳ್ಳಬಾರದು.

ಇನ್ನೊಂದು ಗುರುತು ಬಾಟಲಿ ಮೇಲೇ ಇರ್ತದೆ. ಲೇಬಲ್ ಮೇಲೆ ನೇರಳೆ ಬಣ್ಣದ ಸಣ್ಣ ವೃತ್ತ, ಅದರೊಳಗೆ ಒಂದು ಚೌಕ, ಇದಕ್ಕೆ ವಿವಿಎಂ ಅಂತೀವಿ. ಕಾರ್ಖಾನೆಯಿಂದ ಹೊರಟಲ್ಲಿಂದ ತಿಂದ ಬಿಸಿಯೆಲ್ಲ ಸೇರಿ ಚೌಕ ಕಪ್ಪಾಗ್ತಾ ಬರ್ತದೆ, ಒಮ್ಮೆ ಕಪ್ಪಾಗಿದ್ದು ತಂಪಿಗೆ ಇಟ್ಟರೂ ಮತ್ತೆ ಬೆಳ್ಳಗಾಗೋದಿಲ್ಲ. ಚೌಕ ಸುತ್ತಲಿನ ವೃತ್ತಕ್ಕಿಂತ ತಿಳಿಯಾಗಿದ್ರೆ ಹಾಕಬಹುದು. ಎರಡೂ ಒಂದೇ ಬಣ್ಣ ಆಗಿದ್ರೆ ಅಥವಾ ಚೌಕವೇ ಹೆಚ್ಚು ಕಪ್ಪಾಗಿದ್ರೆ ಆ ಬಾಟಲಿ ಬೇಡ. ಸಿಸ್ಟರ್ ಹತ್ರ "ಬಾಟಲಿ ಒಮ್ಮೆ ತೋರ್ಸಿ" ಅನ್ನಿ, ತೋರಿಸ್ತಾರೆ.

ಮರುಪ್ರಶ್ನೆ (ಅದೇ ತಾಯಿ): ಧೈರ್ಯ ಬಂತು ಅಣ್ಣಾ. ಅಂದ್ರೆ ಹೆಚ್ಚು ತಂಪಿದ್ದಷ್ಟೂ ಒಳ್ಳೇದು ಅಂತಾನಾ? ಹೋದ ಸಲ ಆಶಾ ಅಕ್ಕ ಐಸ್ ಗಟ್ಟಿಗಳನ್ನ ಹೊರಗಿಟ್ಟು ಸುಮ್ನೆ ಕೂತಿದ್ರು. ಕರಗಿ ಹೋಗ್ತದಲ್ಲ ಅಂತ ನಂಗೇ ತಳಮಳ.

ಉತ್ತರ: ಒಳ್ಳೇ ಪ್ರಶ್ನೆ ಕೇಳಿದ್ರಿ, ನನಗೆ ಸೆಕೆಗಿಂತ ದೊಡ್ಡ ಹೆದರಿಕೆ ಇದೇ. ಪೆಂಟಾ, ಹೆಪಟೈಟಿಸ್ ಬಿ, ಟಿಡಿ (ಧನುರ್ವಾಯು-ಡಿಫ್ತೀರಿಯಾ ಲಸಿಕೆ) ಇವೆಲ್ಲ ಒಮ್ಮೆ ಹೆಪ್ಪುಗಟ್ಟಿದರೆ ಮುಗೀತು. ಅದರಲ್ಲಿರೋ ಅಲ್ಯೂಮಿನಿಯಂ ಲವಣ ಗಂಟುಗಂಟಾಗಿ ಲಸಿಕೆಯ ಶಕ್ತಿ ಹೋಗ್ತದೆ. ಆಮೇಲೆ ಕರಗಿಸಿದ್ರೂ ಪ್ರಯೋಜನ ಇಲ್ಲ. ವಿವಿಎಂ ಬಿಸಿಯನ್ನ ಮಾತ್ರ ಹೇಳ್ತದೆ, ಹೆಪ್ಪುಗಟ್ಟಿದ್ದನ್ನ ಹೇಳೋದಿಲ್ಲ. ಅದಕ್ಕೇ ಐಎಲ್‌ಆರ್ ಒಳಗೆ ಪೋಲಿಯೋ, ದಡಾರ-ರುಬೆಲ್ಲಾ ತಳದಲ್ಲಿ ಇಟ್ಟರೂ ನಡೀತದೆ, ಪೆಂಟಾ ಮಾತ್ರ ಮೇಲಿನ ಬುಟ್ಟಿಯಲ್ಲೇ ಇರಬೇಕು.

ಆಶಾ ಅಕ್ಕ ಮಾಡಿದ್ದು ಸರಿ. ಡೀಪ್ ಫ್ರೀಜರ್‌ನಿಂದ ತೆಗೆದ ಐಸ್‌ಪ್ಯಾಕ್ ಮೈನಸ್ 15 ಡಿಗ್ರಿಗಿಂತ ಕೆಳಗಿರ್ತದೆ, ಹಾಗೇ ಬಾಟಲಿ ಪಕ್ಕ ತುರುಕಿದ್ರೆ ಲಸಿಕೆ ಗಡ್ಡೆ ಕಟ್ಟೀತು. ಹೊರಗಿಟ್ಟು ಪ್ಯಾಕಿನ ಮೈ ಬೆವರಬೇಕು, ಕಿವಿ ಹತ್ರ ಹಿಡಿದು ಅಲ್ಲಾಡಿಸಿದ್ರೆ ಒಳಗೆ ನೀರು ಕುಲುಕುಲು ಅನ್ನಬೇಕು. ಆಮೇಲೇ ನಾಲ್ಕು ಪ್ಯಾಕ್ ಲಸಿಕೆ ಒಯ್ಯೋ ಕ್ಯಾರಿಯರ್‌ಗೆ ಇಳಿಸೋದು. ಮಳೆಗಾಲದ ಥಂಡಿಗೆ ಬೆವರೋಕೆ ಹೊತ್ತು ಹಿಡೀತದೆ, ಹೊರಗೆ ಜನ "ಎಷ್ಟೊತ್ತು ಮಾರಾಯ್ರೆ" ಅಂತಿರ್ತಾರೆ. ಅವಸರ ಮಾಡಬಾರದು.

ಪ್ರಶ್ನೆ (ಕಾರವಾರ): ಕೈಗಾ ಅಣುಸ್ಥಾವರ ನಮ್ಮ ಜಿಲ್ಲೇಲಿ, ಸೂಪಾ, ಕದ್ರಾ, ಕೊಡಸಳ್ಳಿ ಅಣೆಕಟ್ಟು ನಮ್ಮ ಜಿಲ್ಲೇಲಿ. ಊರು ಮುಳುಗಿಸಿಕೊಂಡವರು ನಾವು. ಆಸ್ಪತ್ರೆ ಫ್ರಿಜ್ಜಿಗೇ ಕರೆಂಟಿಲ್ಲ ಅಂದ್ರೆ ಏನರ್ಥ? ಎಲ್ಲ ಕಡೆ ಸೋಲಾರ್ ಹಾಕಿ ಬಿಡ್ಲಿ.

ಉತ್ತರ (ನಿವೃತ್ತ ಲೈನ್‌ಮನ್, ಸಿದ್ದಾಪುರ): ನಿಮ್ಮ ಸಿಟ್ಟು ನ್ಯಾಯವೇ ರಾಯರೇ. ಆದ್ರೆ ಕೈಗಾದ 220 ಮೆಗಾವ್ಯಾಟಿನ ನಾಲ್ಕೂ ಘಟಕ ಓಡ್ತಿದ್ರೂ ಯಲ್ಲಾಪುರದ ಆ ಹಳ್ಳಿ ಕತ್ತಲೇ. ಅಲ್ಲಿ ಹುಟ್ಟಿದ ಕರೆಂಟು ಎತ್ತರದ ಟವರ್ ಮೇಲೆ ದಕ್ಷಿಣ ಭಾರತದ ದೊಡ್ಡ ಗ್ರಿಡ್ಡಿಗೆ ಹೋಗ್ತದೆ. ಕಡಿಯೋದು ಕೊನೆಯಲ್ಲಿ, ಕಾಡೊಳಗೆ ಹಾದು ಬರೋ 11 ಕೆವಿ ಲೈನಲ್ಲಿ. ಒಂದು ಮತ್ತಿ ಮರ ಮಗುಚಿದ್ರೆ ನಾಲ್ಕು ಕಂಬ ಮಲಗ್ತವೆ. ಮುರಿದ ಜಾಗ ಹುಡುಕೋದಕ್ಕೇ ಅರ್ಧ ದಿನ ಹಳ್ಳ ದಾಟ್ತಾ ನಡೀಬೇಕು. ಮೇ ತಿಂಗಳಲ್ಲಿ ಟೊಂಗೆ ಸವರಿದ್ರೆ ಎಷ್ಟೋ ತಪ್ಪಿಸಬಹುದು. ಹೊದಿಕೆ ತಂತಿ ಎಳೆದ್ರೆ ಇನ್ನೂ ಒಳ್ಳೇದು, ಖರ್ಚು ಜಾಸ್ತಿ ಅಷ್ಟೇ.

ಉತ್ತರ (ಫಾರ್ಮಸಿಸ್ಟ್): ಸೋಲಾರ್ ಬಗ್ಗೆ ನಾನು ಹೇಳ್ತೀನಿ. ಬ್ಯಾಟರಿ ಇಲ್ಲದೆ ಬಿಸಿಲಿನಿಂದಲೇ ನೇರ ಗಡ್ಡೆ ಕಟ್ಟೋ ಲಸಿಕೆ ಫ್ರಿಜ್ ಇವೆ. ಬಿಸಿಲಿಲ್ಲದೆ ಮೂರು ದಿನವಾದ್ರೂ ತಡೀಬೇಕು ಅಂತ ಅದಕ್ಕೆ ನಿಯಮ. ಲೈನೇ ಸರಿಯಾಗಿ ಮುಟ್ಟದ ಜೋಯಿಡಾದ ಒಳಗಿನ ಊರಿಗೆ ಒಳ್ಳೇದು. ಆದ್ರೆ ಘಟ್ಟದ ಮೇಲೆ ಜುಲೈಯಲ್ಲಿ ವಾರಗಟ್ಟಲೆ ಮೋಡ, ಜೊತೆಗೆ ಮರದ ನೆರಳು. ನನ್ನ ಕೇಳಿದ್ರೆ ನಮಗೆ ಒಳ್ಳೇ ಐಎಲ್‌ಆರ್, ಹಚ್ಚಿದ ಕೂಡಲೇ ಹತ್ತೋ ಜನರೇಟರ್, ಅದಕ್ಕೆ ಡೀಸೆಲ್. ಡೀಸೆಲ್ ಬಿಲ್ ಪಾಸಾಗೋ ಕಥೆ ಇಲ್ಲಿ ಬೇಡ.

ಪ್ರಶ್ನೆ (ಅಂಕೋಲಾ): ಹಾಗಾದ್ರೆ ದುಡ್ಡು ಕೊಟ್ಟು ಖಾಸಗಿಯಲ್ಲಿ ಹಾಕಿಸೋದು ಕ್ಷೇಮ ಅಲ್ವಾ?

ಉತ್ತರ (ಫಾರ್ಮಸಿಸ್ಟ್): ದುಡ್ಡಿಗೂ ತಂಪಿಗೂ ಸಂಬಂಧ ಇಲ್ಲ. ಲಸಿಕೆಗೆ ಬೇರೆ ಫ್ರಿಜ್ ಇದೆಯಾ, ಕರೆಂಟ್ ಹೋದಾಗ ಏನ್ಮಾಡ್ತೀರಿ ಅಂತ ಕೇಳಿ. ಫ್ರೀಜರ್ ಖಾನೆಗೆ ತಾಗಿ ಲಸಿಕೆ ಇಟ್ಟ ಮನೆ ಫ್ರಿಜ್ ಕಂಡ್ರೆ ವಾಪಸ್ ಬನ್ನಿ.

ಪ್ರಶ್ನೆ (ಶಿರಸಿ, ತೋಟದ ಮನೆ): ಅಪ್ಪಯ್ಯನ ಇನ್ಸುಲಿನ್ ಏನು ಮಾಡೋದು? ಮತ್ತೆ ಹಾವು ಕಚ್ಚಿದ್ರೆ ಹಾಕೋ ಔಷಧಿಯೂ ಕರೆಂಟಿಲ್ದೆ ಹಾಳಾಗ್ತದಾ?

ಉತ್ತರ (ಫಾರ್ಮಸಿಸ್ಟ್): ಬಳಸ್ತಿರೋ ಇನ್ಸುಲಿನ್ ಬಾಟಲಿ 25-30 ಡಿಗ್ರಿ ಒಳಗೆ ಸಾಮಾನ್ಯವಾಗಿ ನಾಲ್ಕು ವಾರ ಇರ್ತದೆ, ಡಬ್ಬಿ ಮೇಲೆ ಬರೆದಿದ್ದು ನೋಡ್ಕೊಳ್ಳಿ. ಒಡೆಯದ ಬಾಟಲಿಯನ್ನ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ನೀರು ತುಂಬಿದ ಮಣ್ಣಿನ ಮಡಕೆಯಲ್ಲಿ ಇಡಿ, ಬಿಸಿ ಒಲೆಯಿಂದ ದೂರ. ಐಸಿನ ಮೇಲೆ ಮಾತ್ರ ಬೇಡ. ಹಾವಿನ ಔಷಧಿ ಪುಡಿ ರೂಪದ್ದಾದ್ರೆ ಫ್ರಿಜ್ ಬೇಕಾಗಿಲ್ಲ, ದ್ರವದ್ದಾದ್ರೆ ಬೇಕು. ನಿಮ್ಮ ಹತ್ತಿರದ ಆಸ್ಪತ್ರೆಯಲ್ಲಿ ಯಾವುದಿದೆ, ಎಷ್ಟಿದೆ ಅಂತ ಅಡಿಕೆ ಮದ್ದು ಹೊಡೆಯೋ ಸಮಯಕ್ಕೆ ಮೊದಲೇ ವಿಚಾರಿಸಿ ಇಟ್ಕೊಳ್ಳಿ.