ತುಕ್ಕು ಹಿಡಿದ ಟ್ರ್ಯಾಕ್ಟರ್: ಎರಡನೆಯ ಪದರ ಹಾಕಿದೊಡನೆ ಬಣ್ಣ ರಾಡಿಯಾಗುತ್ತಿದೆ

ಹೊಲದಂಚು: ಹೊಲದ ಬದುವಿನಲ್ಲಿ ವರ್ಷಗಳಿಂದ ನಿಂತಿರುವ ಟ್ರ್ಯಾಕ್ಟರನ್ನೂ ಅದರ ಹಿಂದಿನ, ತಗಡು ಕುಸಿದ ಕೊಟ್ಟಿಗೆಯನ್ನೂ ಜಲವರ್ಣದಲ್ಲಿ ಬರೆಯಲು ಇದು ನನ್ನ ಐದನೆಯ ಪ್ರಯತ್ನ. ಮೊದಲ ಪದರ ಚೆನ್ನಾಗಿಯೇ ಕೂರುತ್ತದೆ. ಆದರೆ ನೆರಳಿಗೆಂದು ಅದರ ಮೇಲೆ ಗಾಢ ಬಣ್ಣ ಹಾಕಿದೊಡನೆ ಕೆಳಗಿನದು ಕರಗಿ ಮೇಲೆದ್ದು, ತುಕ್ಕಿನ ಕಿತ್ತಳೆಯೂ ಬಾನೆಟ್ಟಿನ ಮೇಲೆ ಉಳಿದಿರುವ ಹಳೆಯ ಕೆಂಪು ಚಕ್ಕೆಗಳೂ ಒಂದೇ ಕೆಸರಾಗಿಬಿಡುತ್ತವೆ. ಟ್ರ್ಯಾಕ್ಟರನ್ನು ಗುಜರಿಗೆ ಹಾಕುವ ಮಾತು ನಡೆದಿದೆ. ಅಷ್ಟರೊಳಗೆ ಒಂದಾದರೂ ಸರಿಯಾದ ಚಿತ್ರ ನನ್ನ ಕೈಗೆ ಬರಬೇಕು. ದಯವಿಟ್ಟು ದಾರಿ ತೋರಿಸಿ.

ನೀಲಿಕುಂಚ: ಇದು ವರ್ಣದ್ರವ್ಯದ ದೋಷ. ಬರ್ನ್ಟ್ ಸಿಯೆನ್ನಾ (ಕೆಂಗಂದು ಬಣ್ಣ) ಎಂಬ ಒಂದೇ ಹೆಸರಿನಲ್ಲಿ ಒಬ್ಬ ತಯಾರಕರು ಪಿಬಿಆರ್ 7 ಎಂಬ ಸಂಕೇತದ ವರ್ಣದ್ರವ್ಯ ತುಂಬಿದರೆ ಇನ್ನೊಬ್ಬರು ಪಿಆರ್ 101 ತುಂಬುತ್ತಾರೆ. ಎರಡೂ ಕಬ್ಬಿಣದ ಆಕ್ಸೈಡಿನಿಂದಲೇ ಬಣ್ಣ ಪಡೆದವು, ಅಂದರೆ ತುಕ್ಕಿನ ಬಂಧುಗಳೇ; ಆದರೂ ಕಾಗದದ ಮೇಲೆ ಅವುಗಳ ನಡತೆ ಬೇರೆ ಬೇರೆ. ಟ್ಯೂಬಿನ ಮೇಲಿನ ಸಂಕೇತವನ್ನು ಓದಿ ತಿಳಿಸಿ. ಮೂರು ನಾಲ್ಕು ದ್ರವ್ಯಗಳು ಬೆರೆತರೆ ರಾಡಿಯಾಗುವುದು ಸಹಜ.

ಹೊಲದಂಚು: ಬಳಸುತ್ತಿರುವುದು ಎರಡೇ: ಪಿಬಿಆರ್ 7 ಮತ್ತು ಅಲ್ಟ್ರಾಮರೀನ್ ನೀಲಿ, ಪಿಬಿ 29. ಕೆಂಪು ಚಕ್ಕೆಗಳಿಗೆ ಮಾತ್ರ ಬೇರೆ ಟ್ಯೂಬ್.

ನೀಲಿಕುಂಚ: ಹಾಗಾದರೆ ಅಲ್ಟ್ರಾಮರೀನೇ ಕಾರಣ. ಒಣಗಿದ ಮೇಲೂ ಅದು ನೀರು ತಾಗಿದರೆ ಸುಲಭವಾಗಿ ಏಳುತ್ತದೆ. ಥ್ಯಾಲೊ ನೀಲಿಯನ್ನು ಬಳಸಿ ನೋಡಿ, ಅದು ಕಾಗದವನ್ನು ಬಿಡುವುದಿಲ್ಲ.

ಇದ್ದಿಲುಗೆರೆ: ನೀಲಿಯ ಗೊಡವೆಯೇ ಬೇಡ. ನೆರಳಿಗೆ ನೇರವಾಗಿ ಕಪ್ಪನ್ನು ಬಳಸಿ, ಒಂದೇ ಬಾರಿಗೆ ಮುಗಿಯುತ್ತದೆ.

ನೀಲಿಕುಂಚ: ಟ್ಯೂಬಿನ ಕಪ್ಪನ್ನು ಹಾಕಿದರೆ ತುಕ್ಕಿನ ನೆರಳು ಮಸಿ ಮೆತ್ತಿದಂತೆ ಕಾಣುತ್ತದೆ. ನೆರಳಿನೊಳಗೂ ತುಕ್ಕಿನ ಬಿಸುಪು ಉಳಿಯಬೇಕು.

ಇದ್ದಿಲುಗೆರೆ: ಅದು ಕಪ್ಪಿನ ತಪ್ಪಲ್ಲ, ಪ್ರಮಾಣದ ತಪ್ಪು. ನೀರು ಹೆಚ್ಚು ಬೆರೆಸಿದ ತೆಳು ಕಪ್ಪಿನಿಂದ ನಾನು ಎಷ್ಟೋ ಪಾಳುಮನೆಗಳ ಬಾಗಿಲುಗಳನ್ನು ಬರೆದಿದ್ದೇನೆ, ಯಾವುದೂ ಸತ್ತಂತೆ ಕಾಣುವುದಿಲ್ಲ.

ಹಳೆಗೋಡೆ: ಇಬ್ಬರೂ ಮನ್ನಿಸಬೇಕು. ಕಾಗದ ಯಾವುದು, ಕುಂಚ ಯಾವುದು, ಎರಡು ಪದರಗಳ ನಡುವೆ ಎಷ್ಟು ಹೊತ್ತು ಕಾಯುತ್ತಾರೆ ಎಂಬುದನ್ನು ಯಾರೂ ಕೇಳಿಲ್ಲ, ಅವರೂ ಹೇಳಿಲ್ಲ.

ಹೊಲದಂಚು: ಅದು ಮುಖ್ಯವೆಂದು ನನಗೆ ತೋಚಲಿಲ್ಲ. ಕಾಗದ 150 ಜಿಎಸ್‌ಎಮ್‌ನ (ಚದರ ಮೀಟರಿಗೆ 150 ಗ್ರಾಂ ತೂಗುವ) ನುಣುಪಾದ ಡ್ರಾಯಿಂಗ್ ಪುಸ್ತಕದ್ದು. ತುಕ್ಕಿನ ಒರಟುತನ ಬರಲೆಂದು ತೈಲವರ್ಣದ ಗಡುಸು ಕುಂಚವನ್ನು ಬಳಸುತ್ತಿದ್ದೇನೆ. ಒದ್ದೆಯ ಹೊಳಪು ಮಾಯವಾದ ಕೂಡಲೇ ಎರಡನೆಯ ಪದರ ಹಾಕುತ್ತೇನೆ.

ಹಳೆಗೋಡೆ: ಈ ಮೂರೂ ಸೇರಿಯೇ ನಿಮ್ಮ ಚಿತ್ರವನ್ನು ಕೆಡಿಸುತ್ತಿವೆ. ಅಂಥ ಕಾಗದದಲ್ಲಿ ಬಣ್ಣ ಒಳಗಿಳಿಯದೆ ಮೇಲ್ಮೈಯಲ್ಲೇ ಕುಳಿತಿರುತ್ತದೆ. ಗಡುಸು ಕೂದಲು ಅದನ್ನು ಉಜ್ಜಿ ಎಬ್ಬಿಸುತ್ತದೆ. ಹೊಳಪು ಹೋದ ಮಾತ್ರಕ್ಕೆ ಕಾಗದ ಒಣಗಿತೆಂದಲ್ಲ. ಬೆರಳಿನ ಹಿಂಬದಿಯನ್ನು ಮೆಲ್ಲಗೆ ತಾಗಿಸಿ ನೋಡಿ, ತಂಪೆನಿಸಿದರೆ ಒಳಗೆ ಇನ್ನೂ ತೇವವಿದೆ. 300 ಜಿಎಸ್‌ಎಮ್‌ನ ಪೂರ್ತಿ ಹತ್ತಿಯ ಕಾಗದವನ್ನು ತೆಗೆದುಕೊಂಡು, ಮೆದು ಕುಂಚದಿಂದ ಒಂದೇ ಎಳೆತದಲ್ಲಿ ನೆರಳನ್ನು ಇಟ್ಟು ಕೈ ತೆಗೆಯಿರಿ, ತಿದ್ದಲು ಹೋಗಬೇಡಿ. ಒರಟುತನ ಬೇಕೆಂದರೆ, ಎಲ್ಲವೂ ಒಣಗಿದ ಮೇಲೆ, ನೀರು ಹಿಂಡಿದ ಕುಂಚವನ್ನು ಮಲಗಿಸಿ ಕಾಗದದ ಉಬ್ಬುಗಳ ಮೇಲಷ್ಟೇ ಸವರಿದರೆ ಸಾಕು.

ನೀಲಿಕುಂಚ: ಒಪ್ಪುತ್ತೇನೆ. ಆದರೂ ಥ್ಯಾಲೊ ನೀಲಿಯನ್ನು ಒಮ್ಮೆ ಪ್ರಯತ್ನಿಸಬೇಕೆಂಬುದೇ ನನ್ನ ಅಭಿಪ್ರಾಯ.

ಹೊಲದಂಚು: ಹತ್ತಿಯ ಕಾಗದದ ತುಂಡೊಂದರಲ್ಲಿ ಅದೇ ಬಣ್ಣಗಳಿಂದ ಬಾನೆಟ್ಟನ್ನಷ್ಟೇ ಬರೆದು ನೋಡಿದೆ. ಕೆಂಪು ಚಕ್ಕೆಗಳು ನಿಂತ ಜಾಗದಲ್ಲೇ ನಿಂತಿವೆ, ನೆರಳಿನಡಿ ಕಿತ್ತಳೆ ಕಾಣುತ್ತಿದೆ. ಹಳೆಗೋಡೆ ಅವರಿಗೆ ಹೃತ್ಪೂರ್ವಕ ಕೃತಜ್ಞತೆಗಳು. ಕೊಟ್ಟಿಗೆಯ ಕುಸಿದ ತಗಡಿನಲ್ಲಿ ಮಾತ್ರ ಅಲೆಅಲೆಯ ಮಡಿಕೆಗಳ ನೆರಳು ಬಾಗದೆ, ಸಮನಾದ ಪಟ್ಟಿಗಳಂತೆ ಕಾಣುತ್ತಿದೆ. ಮಾಡು ಜೋತುಬಿದ್ದ ಕಡೆ ಆ ಗೆರೆಗಳನ್ನು ಹೇಗೆ ತಿರುಗಿಸಬೇಕೆಂದು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.